ಸದನಕ್ಕೆ ತಿಳಿಸಿದ ಛಾವಣಿ

ಶಾಮಿಯಾನದವರು ತಂದ ಬಿಳಿ ಬಟ್ಟೆಯನ್ನು ನಾಲ್ಕು ಗೋಡೆಗಳ ತುದಿಗೂ ಎಳೆದು, ಮೊಳೆ ಹೊಡೆದು, ಒಂದು ಮಡಿಕೆಯೂ ಇಲ್ಲದಂತೆ ಬಿಗಿದು ಮುಗಿಸಿದಾಗ ಬೆಳಿಗ್ಗೆ ಒಂಬತ್ತೂಕಾಲು. ಕೆಳಗೆ ನಿಂತು ಕತ್ತೆತ್ತಿ ನೋಡಿದ ಪ್ರಭುಸ್ವಾಮಿಗೆ ಅದು ಸುಣ್ಣ ಹೊಡೆದ ಛಾವಣಿಯ ಹಾಗೆಯೇ ಕಂಡಿತು. ಚೆನ್ನಾಗಿ ಕಾಣದೇ ಹೋಗಲಿ ಎಂದೇ ಅವನು ಒಳಗೊಳಗೆ ಹಾರೈಸಿದ್ದ. ಜೋಲು ಬಿದ್ದು, ಹರಿದು, ನೋಡಿದವರು ನಗುವಂತಿದ್ದರೆ, ಇದು ಆಗುವ ಹೋಗುವ ಕೆಲಸವಲ್ಲ ಸಾರ್ ಎಂದು ತಾಲ್ಲೂಕು ಪಂಚಾಯ್ತಿಯ ಮುಖ್ಯ ಅಧಿಕಾರಿ ಇ.ಒ. ಸಾಹೇಬರಿಗೆ ಫೋನು ಮಾಡಿ ಕೈತೊಳೆದುಕೊಳ್ಳಬಹುದಿತ್ತು. ಕಂಠಪ್ಪ ಆ ದಾರಿಯನ್ನೂ ಮುಚ್ಚಿಬಿಟ್ಟಿದ್ದ. ಕಂಠಪ್ಪ ಎಂದರೆ ಕಟ್ಟೆಕೊಪ್ಪಲು ಗ್ರಾಮ ಪಂಚಾಯ್ತಿಯ ಅಧ್ಯಕ್ಷೆ ಶಿವನಂಜಮ್ಮನವರ ಗಂಡ. ಅಧ್ಯಕ್ಷೆ ಮನೆಯಲ್ಲಿ ಮುದ್ದೆ ತಿರುವುವಾಗ ಪಂಚಾಯ್ತಿಯಲ್ಲಿ ಆಕೆಯ ಕುರ್ಚಿ ತಣ್ಣಗಾಗದಂತೆ ಕೂತು ನೋಡಿಕೊಳ್ಳುವವನು. ಎಂಟು ವರ್ಷದ ಹಿಂದೆ ಈ ಅಂಗನವಾಡಿ ಕಟ್ಟಡದ ಕೆಲಸ ಹಿಡಿದು, ಗೋಡೆಗಳನ್ನು ಸ್ಲ್ಯಾಬಿನ ಮಟ್ಟಕ್ಕೆ ಏರಿಸಿ, ಮಿಕ್ಕಿದ್ದು ಶಿವಾರ್ಪಣ ಎಂದು ಬಿಟ್ಟವನೂ ಅವನೇ. ಈಗ ಏಣಿಯಿಂದಿಳಿದು ಕೈ ಒರೆಸಿಕೊಳ್ಳುತ್ತ, ಬಿಸಿಲು ಏರಿದರೆ ಇನ್ನೂ ಬೆಳ್ಳಗೆ ಕಾಣುತ್ತದೆ, ದೊಡ್ಡ ಮನುಷ್ಯರು ಯಾರೂ ಕತ್ತೆತ್ತಿ ನೋಡುವುದಕ್ಕೆ ಬರುವುದಿಲ್ಲ ಎಂದು ಪಂಚಾಯ್ತಿಯ ಅಭಿವೃದ್ಧಿ ಅಧಿಕಾರಿ, ಪಿ.ಡಿ.ಒ. ಪ್ರಭುಸ್ವಾಮಿಗೇ ಧೈರ್ಯ ಹೇಳಿದ.

ಹನ್ನೊಂದು ಗಂಟೆಗೆ ಬೆಂಗಳೂರಿನಿಂದ ಮೇಲ್ಮನೆಯ ಉಪಸಮಿತಿ ಬರುವುದಿತ್ತು. ಹಳ್ಳಿಗಳಲ್ಲಿ ಅರ್ಧಕ್ಕೆ ನಿಂತ ಕಾಮಗಾರಿಗಳನ್ನು ಕಣ್ಣಾರೆ ಕಂಡು ಸದನಕ್ಕೆ ವರದಿ ಮಾಡುವ ಹಿರಿಯರು. ಅವರು ಬಂದು, ಈ ಕಟ್ಟಡಕ್ಕೆ ಛಾವಣಿಯೇ ಇಲ್ಲ ಎನ್ನುವುದು ಬಯಲಾದರೆ ಇಬ್ಬರಲ್ಲಿ ಒಬ್ಬರ ಕೆಲಸ ಹೋಗುತ್ತದೆ ಎನ್ನುವುದು ಪ್ರಭುಸ್ವಾಮಿಗೆ ಸ್ಪಷ್ಟವಾಗಿ ಗೊತ್ತಿತ್ತು. ಕಟ್ಟಡ ಪೂರ್ಣಗೊಂಡಿದೆ ಎಂದು ಸದನಕ್ಕೆ ಉತ್ತರ ಬರೆದುಕೊಟ್ಟ ಅವನದು, ಇಲ್ಲವೇ ಪೂರ್ಣಗೊಂಡ ಕಟ್ಟಡವನ್ನು ವಹಿಸಿಕೊಂಡಿದ್ದೇನೆ ಎಂದು ಸೈನ್ ಮಾಡಿದ ಅಂಗನವಾಡಿ ಟೀಚರ್ ಸರ್ವಮಂಗಳಳದು. ಎರಡೂ ಕಾಗದ ಅವನ ಕೈಬರಹದವೇ. ಒಂದು ವಾರದಿಂದ ಊಟಕ್ಕೆ ಕೂತಾಗ, ಬೈಕು ಓಡಿಸುವಾಗ, ಹಲ್ಲುಜ್ಜುವಾಗ ಅವನು ಈ ಎರಡು ಕೆಲಸಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಿದ್ದ. ನೋಡಿದಾಗಲೆಲ್ಲ ತನ್ನ ಕೆಲಸವೇ ಕೊಂಚ ಹತ್ತಿರದಲ್ಲಿ ಕಾಣುತ್ತಿತ್ತು. ಛೆ, ಇಂಥ ಯೋಚನೆ ಮಾಡಬಾರದು ಎಂದುಕೊಳ್ಳುವಷ್ಟು ಒಳ್ಳೆಯತನವೂ ಅವನಲ್ಲಿತ್ತು. ಎಂದುಕೊಂಡು ಸುಮ್ಮನಾಗುತ್ತಿದ್ದ.

ಹೋದ ಶ್ರಾವಣದ ಆ ಗುರುವಾರ ಹುಣಸೂರಿನಲ್ಲಿ ಹೆಂಡತಿಯ ಚಿಕ್ಕಪ್ಪನ ಮಗನ ಗೃಹಪ್ರವೇಶ ಇರದೇ ಹೋಗಿದ್ದರೆ ಇದೊಂದೂ ಆಗುತ್ತಿರಲಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಫೋನಿಗೆ ಸದನದ ಪ್ರಶ್ನೆ ಬಂದಿತ್ತು, ಮೇಲೆ ‘ಅತಿ ತುರ್ತು’ ಎಂಬ ಕೆಂಪಕ್ಷರ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಪಂಚಾಯ್ತಿಗಳಲ್ಲಿ ಅಪೂರ್ಣವಾಗಿ ಉಳಿದಿರುವ ಅಂಗನವಾಡಿ ಕಟ್ಟಡಗಳು ಇವೆಯೇ; ಇದ್ದಲ್ಲಿ ಎಷ್ಟು; ಅಪೂರ್ಣವಾಗಲು ಕಾರಣಗಳೇನು; ಹೊಣೆಗಾರರು ಯಾರು; ಯಾವ ಕಾಲಮಿತಿಯಲ್ಲಿ ಪೂರ್ಣಗೊಳಿಸಲಾಗುವುದು. ಇಂಥ ಪ್ರಶ್ನೆಗೆ ಉತ್ತರ ಬರೆಯುವುದರಲ್ಲಿ ಪ್ರಭುಸ್ವಾಮಿಯದು ಎತ್ತಿದ ಕೈ. ಸುತ್ತಲಿನ ಪಿ.ಡಿ.ಒ.ಗಳು ಅವನಿಗೆ ಫೋನು ಮಾಡಿ, ಸ್ವಾಮಿ, ಒಂದು ವಾಕ್ಯ ಹೇಳಿ ಎಂದು ಬರೆದುಕೊಳ್ಳುತ್ತಿದ್ದರು. ಅಂಥವನಿಗೆ, ಎಂಥ ಹೊಸಬನೂ ಎಡವದ ಜಾಗದಲ್ಲಿ ಎಡವುವಂತಾಯಿತು. ‘ಪ್ರಗತಿಯಲ್ಲಿದೆ’ ಎಂದು ಬರೆಯಬೇಕಿತ್ತು. ಆ ಮಾತಿಗೆ ಸಾವಿಲ್ಲ. ಹತ್ತು ವರ್ಷ ಬಿಟ್ಟು ನೋಡಿದರೂ ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಆದರೆ ಅಪೂರ್ಣ ಕಟ್ಟಡ ಇದೆ ಎಂದರೆ ಕೆಳಗಿನ ಮೂರು ಕಾಲಂ ತುಂಬಬೇಕು, ಕಾರಣ, ಹೊಣೆ, ಕಾಲಮಿತಿ. ಹೆಂಡತಿ ಮಂಗಳಮ್ಮ ಆಗಲೇ ನಾಲ್ಕು ಸಲ ಫೋನು ಮಾಡಿದ್ದಳು, ಕೊನೇ ಪಂಕ್ತಿ ಕೂರಿಸ್ತಾ ಅವ್ರೆ, ನೀವು ಬರದೆ ಹೋದ್ರೆ ನಮ್ಮ ಚಿಕ್ಕಮ್ಮನ ಮುಖ ನಾನು ಹೆಂಗೆ ನೋಡಲಿ ಎಂದು. ಪ್ರಭುಸ್ವಾಮಿ ಮೊದಲ ಕಾಲಮ್ಮಿನಲ್ಲಿ ‘ಇಲ್ಲ, ಪೂರ್ಣಗೊಂಡು ಬಳಕೆಯಲ್ಲಿದೆ’ ಎಂದು ಬರೆದ. ಮಿಕ್ಕ ಮೂರಕ್ಕೂ ಸೇರಿಸಿ ಒಂದೇ ಮಾತು: ‘ಉದ್ಭವಿಸುವುದಿಲ್ಲ.’ ಹುಣಸೂರಿಗೆ ಹೋಗಿ ಕೂತಾಗ ಹೋಳಿಗೆ ಮುಗಿದಿತ್ತು. ಅನ್ನ, ತಿಳಿಸಾರು ಉಂಡು ಬಂದ.

ನಾಲ್ಕು ಕಡೆಯ ಅಷ್ಟೂ ಪಂಚಾಯ್ತಿಗಳು ಪ್ರಗತಿಯಲ್ಲಿದೆ, ಪ್ರಗತಿಯಲ್ಲಿದೆ ಎಂದು ಒಂದೇ ರಾಗದಲ್ಲಿ ಬರೆದಿದ್ದವು. ಕಟ್ಟೆಕೊಪ್ಪಲೊಂದೇ ‘ಇಲ್ಲ’ ಎಂದಿತ್ತು. ಆ ಒಂದು ಪದ ಬೆಂಗಳೂರಿನವರ ಕಣ್ಣಿಗೆ ಹೇಗೆ ಬೀಳದೇ ಇದ್ದೀತು! ಸದನದಲ್ಲಿ ಮಂತ್ರಿಗಳು ಆ ಉತ್ತರವನ್ನು ಓದಿ, ಇಂಥ ಪಂಚಾಯ್ತಿಗಳೂ ನಮ್ಮಲ್ಲಿವೆ ಎಂದರಂತೆ. ಸದಸ್ಯರು ಮೇಜು ಕುಟ್ಟಿದರಂತೆ. ಆಮೇಲೆ ಆರು ತಿಂಗಳಿಗೆ, ಅಪೂರ್ಣ ಕಾಮಗಾರಿಗಳನ್ನು ನೋಡಲೆಂದು ಹುಟ್ಟಿದ ಉಪಸಮಿತಿ, ಮೊದಲು ಪೂರ್ಣವಾದದ್ದು ಹೇಗಿರುತ್ತದೆ ಎಂದು ನೋಡಿಕೊಂಡು ಬರೋಣ, ಮಿಕ್ಕವರಿಗೆ ಮಾದರಿ ಎಂದು ತೋರಿಸೋಣ ಎಂದು ತೀರ್ಮಾನಿಸಿತು. ವಿಷಯ ತಿಳಿದ ದಿನ ಇ.ಒ. ಗೌರೀಶ್ ಸಾಹೇಬರು ಪ್ರಭುಸ್ವಾಮಿಯನ್ನು ಚೇಂಬರಿಗೆ ಕರೆದು, ಕೂರಿ ಎಂದು ಕೂಡ ಹೇಳದೆ, ತುಂಬಾ ಹೊತ್ತು ಅವನ ಅಂಗಿಯ ಗುಂಡಿಗಳನ್ನೇ ನೋಡಿದ್ದರು. ಬಯ್ದಿದ್ದರೆ ವಾಸಿಯಿತ್ತು. ಮಿಕ್ಕ ಪಿ.ಡಿ.ಒ.ಗಳು ಮೀಟಿಂಗಿನಲ್ಲಿ ಅವನಿಗೆ ಜಾಗ ಬಿಟ್ಟುಕೊಟ್ಟು, ಮಾದರಿ ಪಂಚಾಯ್ತಿಯವರು ಬನ್ನಿ, ಮುಂದೆ ಕುತ್ಕಳಿ ಎಂದು ನಕ್ಕಿದ್ದರು. ಅವನೂ ನಕ್ಕಿದ್ದ. ಮನೆಗೆ ಬಂದು ಮಂಗಳಮ್ಮನ ಮೇಲೆ, ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂದು ರೇಗಾಡಿದ್ದ.

ಹತ್ತು ಗಂಟೆಗೆ ಸರ್ವಮಂಗಳ ಮಕ್ಕಳನ್ನು ಸಾಲಾಗಿ ಕರೆತಂದಳು. ಹದಿನಾಲ್ಕು ಮಕ್ಕಳು, ಒಬ್ಬರ ಅಂಗಿ ಇನ್ನೊಬ್ಬರು ಹಿಡಿದುಕೊಂಡು. ಎಂಟು ವರ್ಷದಿಂದ ಇವರ ಅಂಗನವಾಡಿ ನಡೆಯುವುದು ಹಾಲಿನ ಡೈರಿಯ ಹಿಂದಿನ ಕೋಣೆಯಲ್ಲಿ. ಬೆಳಗಿನ ಹಾಲು ಹೋದ ಮೇಲೆ ಶುರು, ಸಂಜೆಯ ಕ್ಯಾನು ಬರುವ ಮುಂಚೆ ಖಾಲಿ. ಆ ಕೋಣೆಯಲ್ಲಿ ಸದಾ ಹುಳಿ ಹಾಲಿನ ವಾಸನೆ. ಮಕ್ಕಳು ಅಆಇಈ ಕಲಿಯುವ ಮುಂಚೆ ಹಾಲಿನ ಫ್ಯಾಟು, ಡಿಗ್ರಿ ಕಲಿಯುತ್ತವೆ ಎಂದು ಊರವರು ತಮಾಷೆ ಮಾಡುತ್ತಿದ್ದರು. ಪ್ರಭುಸ್ವಾಮಿ ಆ ಕೋಣೆಗೆ ಹೋಗಿದ್ದು ಒಂದೇ ಸಲ, ದೀಪಾವಳಿ ಮುಗಿದ ಮರುವಾರ. ಉತ್ತರಕ್ಕೆ ಬೆನ್ನಿಗೊಂದು ದಾಖಲೆ ಬೇಕು ಎಂದು ಇ.ಒ. ಹೇಳಿದ್ದರಿಂದ, ಶ್ರಾವಣದ ತಾರೀಖು ಹಾಕಿದ ಹಸ್ತಾಂತರ ಪತ್ರವನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು. ಟೀಚರ್, ದಾಖಲೆಯಲ್ಲಿ ಕಟ್ಟಡ ನಿಮ್ಮ ವಶಕ್ಕೆ ಬಂದಿದೆ ಅಂತಾದರೆ ಸ್ಲ್ಯಾಬಿಗೆ ದುಡ್ಡು ಕೇಳೋದು ನನಗೆ ಸಲೀಸು ಎಂದಿದ್ದ. ಬಾಯಿಗೆ ಎಷ್ಟು ಸರಾಗವಾಗಿ ಬಂದಿತ್ತು ಆ ಮಾತು! ಆಕೆಯ ಮುಖ ಅರಳಿತ್ತು. ಹಂಗಾರೆ ಬರೋ ಮಳೆಗಾಲಕ್ಕೆ ಮುಂಚೆ ಆಯ್ತದಾ ಸಾರ್ ಎಂದು ಕೇಳಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಸೈನ್ ಮಾಡಿದ್ದಳು. ಆಮೇಲೆ ಮಕ್ಕಳಿಗೆಂದು ಕಾಯಿಸಿದ್ದ ಹಾಲಿನಲ್ಲಿ ಒಂದು ಲೋಟ ಅವನಿಗೂ ಕೊಟ್ಟಳು. ಬೇಡ ಎನ್ನಬೇಕಿತ್ತು. ಕುಡಿದ. ಸಕ್ಕರೆ ಕಡಿಮೆಯಿದೆ ಎಂದು ಕೂಡ ಅನ್ನಿಸಿತ್ತು ಅವನಿಗೆ.

ಈಗ ಆಕೆ ಬಾಗಿಲಲ್ಲಿ ನಿಂತು ಮೇಲಿನ ಬಟ್ಟೆಯನ್ನು ನೋಡಿದಳು. ಮಕ್ಕಳನ್ನು ಜಮಖಾನದ ಮೇಲೆ ಕೂರಿಸಿ, ಗೋಡೆಗೆ ಒರಗಬೇಡ್ರಪ್ಪ, ಬಣ್ಣ ಹಸಿ ಅದೆ ಎಂದು ಒಬ್ಬೊಬ್ಬರನ್ನೂ ಎಳೆದು ಮುಂದಕ್ಕೆ ತಂದಳು. ನಿನ್ನೆ ಸಂಜೆ ಮೈಸೂರಿನಿಂದ ಕರೆಸಿದ ಪೇಂಟರು ಗೋಡೆಯ ಮೇಲೆ ಆನೆ, ಗಿಳಿ, ಅನಾನಸು ಬರೆದು ಹೋಗಿದ್ದ. ನೆಲದಲ್ಲಿ ಆಳೆತ್ತರ ಬೆಳೆದಿದ್ದ ಎಕ್ಕದ ಗಿಡಗಳನ್ನು ಕಿತ್ತು ಸಿಮೆಂಟು ಸವರಿದ್ದರು. ಒಬ್ಬ ಹುಡುಗನ ಅಂಗಿಯ ಬೆನ್ನಿಗೆ ಆಗಲೇ ಗಿಳಿಯ ಹಸಿರು ಹತ್ತಿತ್ತು. ಸರ್ವಮಂಗಳ ಅದನ್ನು ಉಗುರಿನಿಂದ ಕೆರೆಯುತ್ತ ಕೂತಳು. ಇಪ್ಪತ್ತೊಂದು ವರ್ಷದಿಂದ ಇದೇ ಕೆಲಸದಲ್ಲಿದ್ದಾಳೆ. ಗಂಡ ಸಿದ್ದಯ್ಯ ಬೆನ್ನು ಮುರಿದುಕೊಂಡು ಮನೆ ಹಿಡಿದ ಮೇಲೆ ಈ ಗೌರವಧನವೇ ಆ ಮನೆಗೆ ಗತಿ. ಗೌರವಕ್ಕೆ ಇಷ್ಟು, ಧನಕ್ಕೆ ಇಷ್ಟು ಎಂದು ಬೇರೆ ಮಾಡಿದರೆ ಎರಡೂ ಕೈಗೆ ಹತ್ತುವುದಿಲ್ಲ ಎಂದು ಪ್ರಭುಸ್ವಾಮಿಗೆ ಒಮ್ಮೆ ಅನ್ನಿಸಿತ್ತು. ಒಳ್ಳೆಯ ವಾಕ್ಯ ಎಂದು ಮೆಚ್ಚಿಕೊಂಡಿದ್ದ. ಆಕೆಯನ್ನು ಹತ್ತಿರ ಕರೆದು, ಟೀಚರ್, ಏನೇ ಕೇಳಿದರೂ ನಾನಿದೀನಿ ಎಂದು ಈಗ ಹೇಳಿಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಮಿರ್ಲೆ ರಸ್ತೆಯ ಕಡೆಯಿಂದ ಸೈರನ್ನು ಕೇಳಿಸಿ ಎಲ್ಲರೂ ಓಡಿದರು. ಅವನೂ ಓಡಿದ.

ಏಳು ಕಾರು. ಸಮಿತಿಯ ಹಿರಿಯರು ಮೂರನೆಯದರಿಂದ ಇಳಿದರು. ಬಿಳಿ ಪಂಚೆ, ಎಪ್ಪತ್ತರ ವಯಸ್ಸು, ಸಾಲಿಗ್ರಾಮದ ದೇವಸ್ಥಾನದಲ್ಲಿ ಪೂಜೆ ಮುಗಿಸಿ ಬಂದದ್ದಕ್ಕೆ ಹಣೆಯಲ್ಲಿ ಕುಂಕುಮ. ಪಂಚಾಯ್ತಿ ಮೆಂಬರುಗಳ ಓಟಿನಿಂದಲೇ ಮೇಲ್ಮನೆಗೆ ಹೋದವರು ಅವರು. ಆದ್ದರಿಂದ ಪಂಚಾಯ್ತಿಗಳ ಮೇಲೆ ಕಣ್ಣಿಡುವ ಕೆಲಸಕ್ಕೆ ಅವರಿಗಿಂತ ತಕ್ಕವರು ಇನ್ನಾರು. ಹೋದ ಚುನಾವಣೆಯಲ್ಲಿ ಓಟು ಇದ್ದದ್ದು ಶಿವನಂಜಮ್ಮನವರಿಗಾದರೂ ಹಿರಿಯರ ಖರ್ಚಿನ ಬಸ್ಸಿನಲ್ಲಿ ಕೂತು ಮೂರು ದಿನ ಸಮುದ್ರ ನೋಡಿಬಂದವನು ಕಂಠಪ್ಪ. ಹಿರಿಯರು ಅವನ ಹೆಗಲ ಮೇಲೆ ಕೈಯಿಟ್ಟು, ಏನಯ್ಯಾ, ಆರಾಮಾ ಎಂದು ಕೇಳಿದರು. ಅವನು ಅಷ್ಟೆತ್ತರದ ಆಳು ಕುಗ್ಗಿ ಎರಡಡಿಯಾದ. ಹಾರ, ಶಾಲು, ಮೈಸೂರು ಪೇಟ. ಒಳಗೆ ಬಂದವರು ಆನೆಯನ್ನು ನೋಡಿದರು, ಗಿಳಿಯನ್ನು ನೋಡಿದರು. ಬಿಸಿಲು ಬಟ್ಟೆಯಲ್ಲಿ ಸೋಸಿ ಬಂದು ಕೋಣೆಯೆಲ್ಲ ಹಾಲು ಚೆಲ್ಲಿದ ಹಾಗಿತ್ತು. ಹಿರಿಯರು ಮೆಚ್ಚಿ ತಲೆದೂಗಿ, ಎಷ್ಟು ಚೆನ್ನಾಗಿ ಬೆಳಕಿದೆ ನೋಡ್ರೀ, ಬೆಂಗಳೂರಿನ ಕಾನ್ವೆಂಟುಗಳಲ್ಲೂ ಈ ಬೆಳಕಿಲ್ಲ ಎಂದರು. ಜೊತೆಗಿದ್ದ ಅಧಿಕಾರಿ, ಉತ್ತಮ ಬೆಳಕು ಎಂದು ಬರೆದುಕೊಂಡ. ಗೌರೀಶ್ ಸಾಹೇಬರು ಪ್ರಭುಸ್ವಾಮಿಯ ಕಡೆ ನೋಡಿ ವಾರದಲ್ಲಿ ಮೊದಲ ಸಲ ಮುಗುಳ್ನಕ್ಕರು. ಆ ನಗುವಿಗೆ ಪ್ರಭುಸ್ವಾಮಿಯ ಮೈ ನಾಯಿಮರಿಯ ಮೈಯಂತೆ ಪುಳಕಗೊಂಡಿತು. ಥೂ, ಎಂಥ ಮೈ ಇದು ಎಂದುಕೊಂಡ.

ಆಗ ಒಂದು ಕಾಗೆ ಬಟ್ಟೆಯ ಮೇಲೆ ಬಂದು ಕೂತಿತು. ಕೂತು ನಡೆಯತೊಡಗಿತು. ಅದರ ಕರಿ ನೆರಳು, ಒಂದೊಂದು ಹೆಜ್ಜೆಗೂ ಬಟ್ಟೆಯಲ್ಲಿ ಬೀಳುತ್ತಿದ್ದ ಸಣ್ಣ ಗುಳಿ, ಎರಡೂ ಕೋಣೆಯ ಈ ಮೂಲೆಯಿಂದ ಆ ಮೂಲೆಗೆ ನಿಧಾನವಾಗಿ ಹೊರಟವು, ಅದೂ ತನಿಖೆಗೆ ಬಂದಂತೆ. ಮಕ್ಕಳು ಒಟ್ಟಿಗೆ ಕತ್ತೆತ್ತಿದವು. ಮುಂದಿನ ಸಾಲಿನಲ್ಲಿದ್ದ ಪುಟ್ಟಿ ಎಂಬ ನಾಲ್ಕು ವರ್ಷದ ಹುಡುಗಿ ಬೆರಳು ತೋರಿಸಿ, ಮಿಸ್, ಕಾಗೆ ಎಂದಳು. ಇನ್ನೊಬ್ಬ ಕಾಗೆ ಕಾಗೆ ಎಂದು ಚಪ್ಪಾಳೆ ತಟ್ಟಿದ. ಹದಿನಾಲ್ಕು ಮಕ್ಕಳೂ ನಗತೊಡಗಿದವು. ಕತ್ತೆತ್ತಿ ನೋಡುವುದಕ್ಕೆ ಬಂದಿರದ ಹಿರಿಯರು ಕತ್ತೆತ್ತಿ ನೋಡಿದರು. ಬಹಳ ಹೊತ್ತು ನೋಡಿದರು. ಕಾಗೆ ಅತ್ತ ಕಡೆಯ ಗೋಡೆ ಮುಟ್ಟಿ ಹಾರಿಹೋದ ಮೇಲೂ ನೋಡುತ್ತಿದ್ದರು. ಆ ಹೊತ್ತಿನಲ್ಲಿ ಪ್ರಭುಸ್ವಾಮಿಗೆ ವಿಚಿತ್ರವಾದ ನೆಮ್ಮದಿಯಾಯಿತು. ಇನ್ನೇನು, ಮುಗಿಯಿತು, ನಾನೇ ಸಾರ್ ತಪ್ಪು ಮಾಡಿದ್ದು ಎಂದು ಹೇಳಿಬಿಟ್ಟರೆ ಕಾಲಿನ ಕೆಳಗಿನ ನೆಲ ಗಟ್ಟಿಯಾಗುತ್ತದೆ. ಮಾತುಗಳು ಸಾಲಾಗಿ ಬಂದು ಹಲ್ಲಿನ ಹಿಂದೆ ನಿಂತವು.

“ಛಾವಣಿ ಎಲ್ರೀ?” ಎಂದು ಹಿರಿಯರು ಯಾರನ್ನೂ ನೋಡದೆ ಕೇಳಿದರು. ಗೌರೀಶ್ ಸಾಹೇಬರು ಬೆವರುತ್ತ ಫೈಲು ಬಿಚ್ಚಿ, ಕಟ್ಟಡ ಪೂರ್ಣಗೊಂಡಿರುವ ಬಗ್ಗೆ ಸದನಕ್ಕೆ ಕೊಟ್ಟ ಉತ್ತರದ ಪ್ರತಿಯನ್ನೂ ಹಸ್ತಾಂತರ ಪತ್ರವನ್ನೂ ತೋರಿಸಿದರು. ಹಿರಿಯರು ಕನ್ನಡಕ ಹಾಕಿಕೊಂಡು ಎರಡನ್ನೂ ಪೂರ್ತಿ ಓದಿದರು. ಓದುತ್ತ ಓದುತ್ತ ಅವರ ಮುಖದಲ್ಲಿ ಸಿಟ್ಟು ಹೋಗಿ ಒಂದು ಬಗೆಯ ಎಚ್ಚರ ಬಂತು. ಸದನಕ್ಕೆ ತಪ್ಪು ಮಾಹಿತಿ ಎಂದಾದರೆ ಹಕ್ಕುಚ್ಯುತಿ. ಸದನದಲ್ಲಿ ಅದನ್ನು ಓದಿದವರು ಮಂತ್ರಿಗಳು. ಮಂತ್ರಿಗಳು ಅವರ ಪಕ್ಷದವರೇ. ಇಷ್ಟೆಲ್ಲ ಅವರ ಹುಬ್ಬಿನ ಮೇಲೆಯೇ ಬರೆದಂತಿತ್ತು. ಕನ್ನಡಕ ತೆಗೆದು ಮಡಿಚಿ, “ಸದನಕ್ಕೆ ಇದೆ ಅಂತ ಹೇಳಿಯಾಗಿದೆ. ಸದನಕ್ಕೆ ಹೇಳಿದ್ದು ಸುಳ್ಳು ಅನ್ನೋಕೆ ಬರಲ್ಲ. ಅಂದಮೇಲೆ ಛಾವಣಿ ಇತ್ತು. ಈಗ ಇಲ್ಲ. ನಡುವೆ ಏನಾಯ್ತು ಅನ್ನೋದಷ್ಟೇ ಪ್ರಶ್ನೆ” ಎಂದರು. ಎಂಥ ಹಗುರವಾದ ಮಾತು! ಎಲ್ಲರ ಉಸಿರೂ ಒಟ್ಟಿಗೆ ಹೊರಗೆ ಬಂದದ್ದು ಕೇಳಿಸಿತು. ಇಲ್ಲದ ಛಾವಣಿ ಒಂದೇ ವಾಕ್ಯದಲ್ಲಿ ಇದ್ದು, ಒಂದೇ ವಾಕ್ಯದಲ್ಲಿ ಹೋಯಿತು. ಪ್ರಭುಸ್ವಾಮಿ ಕೂಡ ಒಂದು ಕ್ಷಣ ಆ ವಾಕ್ಯದ ಕಟ್ಟಡಕ್ಕೆ ಬೆರಗಾದ.

“ಯಾರಮ್ಮ ಸರ್ವಮಂಗಳ? ನೀವು ವಹಿಸಿಕೊಂಡಾಗ ಛಾವಣಿ ಇತ್ತಲ್ಲ?” ಎಂದು ಹಿರಿಯರು ಕೇಳಿದರು. ಮಕ್ಕಳ ಹಿಂದೆ ನಿಂತಿದ್ದ ಆಕೆ ಮುಂದೆ ಬಂದಳು. ಸೆರಗಿನ ತುದಿಗೆ ಹಸಿರು ಬಣ್ಣ ಹತ್ತಿತ್ತು. ಆಕೆ ಹಿರಿಯರನ್ನು ನೋಡಲಿಲ್ಲ, ಇ.ಒ. ಸಾಹೇಬರನ್ನು ನೋಡಲಿಲ್ಲ, ಪ್ರಭುಸ್ವಾಮಿಯ ಮುಖ ನೋಡಿ, “ನಮ್ಮ ಪಿ.ಡಿ.ಒ. ಸಾರ್ ಇಲ್ಲೇ ಅವ್ರೆ. ಅವ್ರಿಗೆಲ್ಲ ಗೊತ್ತು ಸಾರ್” ಎಂದಳು. ಆ ದನಿಯಲ್ಲಿ ದೂರು ಇರಲಿಲ್ಲ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ. ಇವರಿದ್ದಾರೆ, ಹೇಳುತ್ತಾರೆ ಎನ್ನುವ ನಂಬಿಕೆ ಮಾತ್ರ ಇತ್ತು. ಎಲ್ಲರೂ ಅವನ ಕಡೆ ತಿರುಗಿದರು. ಅವನು ಗೋಡೆಯ ಆನೆಯನ್ನು ನೋಡುತ್ತಿದ್ದ. ಪೇಂಟರು ಅದರ ಸೊಂಡಿಲನ್ನೂ ಬಾಲವನ್ನೂ ಒಂದೇ ದಪ್ಪಕ್ಕೆ ಬರೆದಿದ್ದ. ಹೇಳು, ಹೇಳೋ ಎಂದು ಒಳಗೆ ಯಾರೋ ಗುದ್ದುತ್ತಿದ್ದರು. ಬಾಯಿ ತೆರೆದ. ಇಪ್ಪತ್ತು ವರ್ಷ ಆ ಬಾಯಿಯಲ್ಲಿ ಬೇರೇನನ್ನೂ ಇಟ್ಟಿರದ ಕಾರಣಕ್ಕೋ ಏನೋ, “ಪರಿಶೀಲಿಸಿ ವರದಿ ಸಲ್ಲಿಸುತ್ತೇನೆ ಸಾರ್” ಎಂಬ ಮಾತು ತಾನಾಗಿ ಹೊರಗೆ ಬಂತು. ಹಿರಿಯರು ಸರಿ ಎಂದರು. ಸರ್ವಮಂಗಳ ಇನ್ನೂ ಸ್ವಲ್ಪ ಹೊತ್ತು ಅವನನ್ನೇ ನೋಡುತ್ತಿದ್ದು, ಆಮೇಲೆ ಮಕ್ಕಳ ಕಡೆ ತಿರುಗಿ, ಏಳ್ರಪ್ಪ, ಹೋಗೋಣ ಎಂದಳು.

ಕಾರುಗಳು ಎಚ್.ಡಿ. ಕೋಟೆಯ ಕಡೆಗೆ ಹೊರಟವು. ಅಲ್ಲಿ ಹಿನ್ನೀರು ಕಾಣುವ ಜಾಗದಲ್ಲಿ ಊಟದ ಏರ್ಪಾಡಿತ್ತು. ಊಟವಾದ ಮೇಲೆ ಆ ಕಡೆಯ ಅಪೂರ್ಣ ಕಾಮಗಾರಿಗಳನ್ನು ಕಣ್ಣಾರೆ ಕಾಣುವುದು. ಹೊರಡುವ ಮುಂಚೆ ಗೌರೀಶ್ ಸಾಹೇಬರು ಪ್ರಭುಸ್ವಾಮಿಯ ತೋಳು ಹಿಡಿದು ಆಚೆಗೆ ಕರೆದುಕೊಂಡು ಹೋಗಿ, ಕಟ್ಟಡ ಪಂಚಾಯ್ತಿಯ ಆಸ್ತಿ, ಅದು ಇದ್ದದ್ದು ಆಯಮ್ಮನ ಸುಪರ್ದಿಯಲ್ಲಿ, ಸಂಜೆಯೊಳಗೆ ನೋಟೀಸು ಜಾರಿಯಾಗಲಿ, ಮೂರು ದಿನದಲ್ಲಿ ಉತ್ತರ ಬರಲಿ, ಉತ್ತರ ಸಮಾಧಾನಕರವಾಗಿಲ್ಲ ಎಂದು ಬರೆದು ನಾನು ಅವರ ಇಲಾಖೆಗೆ ಕಳಿಸುತ್ತೇನೆ, ಮಿಕ್ಕಿದ್ದು ಅವರು ನೋಡಿಕೊಳ್ಳುತ್ತಾರೆ ಎಂದು ಹೇಳಿದರು. ಬಾರದ ಉತ್ತರ ಸಮಾಧಾನಕರವಾಗಿಲ್ಲ ಎನ್ನುವುದು ಅವರಿಗೆ ಆಗಲೇ ಗೊತ್ತಿತ್ತು. ಆಮೇಲೆ ದನಿ ತಗ್ಗಿಸಿ, ನೀವು ಪಾರಾದಿರಿ ಕಣ್ರೀ, ದೇವರು ದೊಡ್ಡವನು ಎಂದರು. ಒಳ್ಳೆಯದೂ ಆಯಿತಂತೆ: ಛಾವಣಿ ಹೋಗಿದೆ ಎಂದಾದರೆ ದುರಸ್ತಿ ಎಂದು ದುಡ್ಡು ಹಾಕಿಸಬಹುದು, ಹೊಸದಾಗಿ ಎಂದರೆ ಜನ್ಮದಲ್ಲಿ ಆಗುತ್ತಿರಲಿಲ್ಲ. ಕಂಠಪ್ಪ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದವನು, ದುರಸ್ತಿ ಕೆಲಸ ನಂಗೇ ಬುಡಿ ಸಾರ್, ಗೋಡೆ ನಾನೇ ಕಟ್ಟಿರೋದು ಎಂದ.

ಪಂಚಾಯ್ತಿ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತು ಪ್ರಭುಸ್ವಾಮಿ ನೋಟೀಸು ಬರೆದ. ಬರೆಯುವುದಿಲ್ಲ ಎಂದುಕೊಂಡೇ ಪೆನ್ನಿನ ಮುಚ್ಚಳ ತೆಗೆದ. ‘ಸದರಿ ಕಟ್ಟಡವು ತಮ್ಮ ಸುಪರ್ದಿಯಲ್ಲಿದ್ದ ಅವಧಿಯಲ್ಲಿ ಅದರ ಛಾವಣಿಯು ಕಾಣೆಯಾಗಿರುವುದು ಕಂಡುಬಂದಿರುತ್ತದೆ’ ಎಂದು ಬರೆದು, ಕಾಣೆಯಾಗಿರುವುದು ಕಂಡುಬರುವುದು ಅಷ್ಟು ಸರಿಯಾಗಿ ಕೂರಲಿಲ್ಲವೆಂದು ಹೊಡೆದುಹಾಕಿ, ‘ಛಾವಣಿಯು ಸ್ಥಳದಲ್ಲಿ ಇಲ್ಲದಿರುವುದನ್ನು ಮಾನ್ಯ ಸಮಿತಿಯು ಗಮನಿಸಿರುತ್ತದೆ’ ಎಂದು ತಿದ್ದಿದ. ವಾಕ್ಯ ಈಗ ತೂಕವಾಗಿ ನಿಂತಿತು. ಎದೆಯೊಳಗೆ ಹಳೆಯ ಸಂತೋಷವೊಂದು ಮಿಸುಕಿತು. ಕೆಲಸ ಬಲ್ಲವನ ಸಂತೋಷ. ಯಾರದೋ ಕುತ್ತಿಗೆಗೆ ಹಗ್ಗ ಹೊಸೆಯುತ್ತಿದ್ದೇನೆ, ಹುರಿ ಮಾತ್ರ ಚೆನ್ನಾಗಿ ಬಂದಿದೆ ಎಂದು ಖುಷಿಪಡುತ್ತಿದ್ದೇನಲ್ಲ ಎಂದು ಗೊತ್ತಾಗಿ ಪೆನ್ನು ಕೆಳಗಿಟ್ಟ. ಎದ್ದು ಹೋಗಿ ನೀರು ಕುಡಿದ. ಸಸ್ಪೆಂಡ್ ಆದವರ ಮುಖಗಳು ನೆನಪಾದವು. ಹೋದ ವರ್ಷ ಪಿರಿಯಾಪಟ್ಟಣದ ಕಡೆಯವನೊಬ್ಬ ಸಸ್ಪೆಂಡ್ ಆಗಿ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ, ಯಾರೂ ಕೇಳದಿದ್ದರೂ, ರಜಾದ ಮೇಲಿದೀನಿ ಎಂದು ಹೇಳಿಕೊಂಡಿದ್ದ. ಕೈಯಲ್ಲಿ ಸೊಪ್ಪಿನ ಚೀಲ. ಪ್ರಭುಸ್ವಾಮಿ ಮತ್ತೆ ಬಂದು ಕೂತು, ತಾರೀಖು ಹಾಕಿ, ಕೆಳಗೆ ಸೀಲು ಒತ್ತಿದ. ಬೇರೆ ಯಾರ ಕೈಯಲ್ಲಾದರೂ ಕಳಿಸಬಹುದಿತ್ತು. ನಾನೇ ಹೋಗುತ್ತೇನೆ ಎಂದುಕೊಂಡದ್ದನ್ನು ಅವನು ಧೈರ್ಯವೆಂದು ಲೆಕ್ಕಕ್ಕಿಟ್ಟುಕೊಂಡ.

ಡೈರಿಯ ಹಿಂದಿನ ಕೋಣೆಯಲ್ಲಿ ಮಕ್ಕಳು ಹೊರಟುಹೋಗಿದ್ದರು. ಸರ್ವಮಂಗಳ ಸೀಮೆಎಣ್ಣೆಯಲ್ಲಿ ಬಟ್ಟೆಯ ಚೂರು ಅದ್ದಿ ಒಂದು ಪುಟ್ಟ ಅಂಗಿಯ ಬೆನ್ನು ಉಜ್ಜುತ್ತಿದ್ದಳು. ಅವನನ್ನು ಕಂಡು ಎದ್ದು, ಮಕ್ಕಳ ಪುಟ್ಟ ಕುರ್ಚಿಯೊಂದನ್ನು ಸೆರಗಿನಿಂದ ಒರೆಸಿ, ಕುತ್ಕಳಿ ಸಾರ್ ಎಂದಳು. ಕೂತರೆ ಮೊಣಕಾಲು ಎದೆಗೆ ಬರುವಂಥ ಕುರ್ಚಿ. ಅವನು ಕೂತು ನೋಟೀಸು ಕೊಟ್ಟ. ಆಕೆ ಬಾಗಿಲ ಬೆಳಕಿಗೆ ಹಿಡಿದು, ಒಂದೊಂದು ಪದವನ್ನೂ ಮಕ್ಕಳಿಗೆ ಹೇಳಿಕೊಡುವಾಗಿನ ಹಾಗೆ ಬಿಡಿಸಿ ಬಿಡಿಸಿ ಓದಿದಳು. ತನ್ನ ವಾಕ್ಯಗಳು ಹಾಗೆ ಒಡೆದು ಒಡೆದು ಹೊರಬರುವುದನ್ನು ಪ್ರಭುಸ್ವಾಮಿ ಕೇಳುತ್ತ ಕೂತ. ಅಷ್ಟು ಅಸಹ್ಯವಾಗಿ ಅವು ಅವನಿಗೆ ಎಂದೂ ಕೇಳಿಸಿರಲಿಲ್ಲ. ಓದಿ ಮುಗಿಸಿ ಆಕೆ ಕಾಗದವನ್ನು ಮಡಿಚಿದಳು. ಇದು ಮೇಲಿನವರ ಒತ್ತಾಯ, ಬರೀ ಕಾಗದದ ಕೆಲಸ, ನಾನು ಆಮೇಲೆ ನೋಡಿಕೊಳ್ಳುತ್ತೇನೆ ಎಂದು ಅವನು ತಡವರಿಸಿದ. ಮೂರು ದಿನದಲ್ಲಿ ಉತ್ತರ ಕೊಡಬೇಕಲ್ಲ ಎಂದು ಆಕೆ ಕೇಳಿದಳು. ಹೌದೆಂದ. ಹಂಗಾರೆ ನೀವೇ ಬರ್ಕೊಡಿ ಸಾರ್ ಎಂದಳು. ನನ್ನ ಬರವಣಿಗೆ ಯಾರು ಓದುತ್ತಾರೆ, ನಿಮ್ಮ ಅಕ್ಷರ ಬೆಂಗಳೂರಿನವರೆಗೆ ಗೊತ್ತು ಎಂದೂ ಸೇರಿಸಿದಳು. ಅವನ ಎದೆಯ ಭಾರ ಒಮ್ಮೆಗೇ ಇಳಿದುಹೋಯಿತು. ಬರೆಯುವುದೇ ತಾನೆ! ಆಕೆಯನ್ನೂ ಉಳಿಸಿ ತನ್ನನ್ನೂ ಉಳಿಸಿಕೊಳ್ಳುವಂಥ ಒಂದು ವಾಕ್ಯ ಇದ್ದೇ ಇರುತ್ತದೆ. ಜೇಬಿನಿಂದ ಪೆನ್ನು ತೆಗೆದು, ಆಕೆ ಕೊಟ್ಟ ಹಾಳೆಯನ್ನು ಹಾಜರಿ ಪುಸ್ತಕದ ಮೇಲಿಟ್ಟುಕೊಂಡು, ಜೋರು ಗಾಳಿಮಳೆಗೆ ಛಾವಣಿ ಹಾನಿಗೊಳಗಾಗಿ ಎಂದು ಶುರುಮಾಡೋಣ ಎಂದ.

“ಸ್ಲ್ಯಾಬು ಗಾಳಿಗೆ ಹಾರ್ತದಾ ಸಾರ್?” ಎಂದಳು ಸರ್ವಮಂಗಳ, ನಿಜವಾಗಿಯೂ ಕೇಳುವವಳಂತೆ. “ಇರ್ನಿಲ್ಲ ಅಂತ ಬರೀರಿ.”

ಅವನು ಸ್ವಲ್ಪ ಯೋಚಿಸಿ, ‘ನಾನು ವಹಿಸಿಕೊಂಡ ಸಮಯದಲ್ಲಿ ಛಾವಣಿಯು ಅಪೂರ್ಣವಾಗಿದ್ದು’ ಎಂದು ಬರೆದ. ಎದುರಿಗೆ ನೆಲದ ಮೇಲೆ ಕೂತು ಮತ್ತೆ ಅಂಗಿ ಉಜ್ಜುತ್ತಿದ್ದ ಆಕೆ, ಅಪೂರ್ಣ ಅಲ್ಲ ಸಾರ್, ಇರ್ನಿಲ್ಲ ಎಂದಳು. ಅವನು ಬೆಚ್ಚಿಬಿದ್ದ. ಇಪ್ಪತ್ತೊಂದು ವರ್ಷ ಎದುರು ಕೂತ ಮಕ್ಕಳ ಸ್ಲೇಟನ್ನು ತಲೆಕೆಳಗಾಗಿ ಓದಿ ತಿದ್ದಿದ ಕಣ್ಣು ಅದು; ಪೆನ್ನು ಎತ್ತುವ ಮುಂಚೆಯೇ ಓದಿಬಿಡುತ್ತಿತ್ತು. ಅಪೂರ್ಣ ಎನ್ನುವುದನ್ನು ಹೊಡೆದು, ‘ಛಾವಣಿ ಇರಲಿಲ್ಲ’ ಎಂದು ಬರೆದ. ಎರಡೇ ಪದ. ಮಣ್ಣಿನ ಹೆಂಟೆಯ ಹಾಗೆ ಹಾಳೆಯ ಮೇಲೆ ಕೂತವು. ಮುಂದೆ, ‘ಪಂಚಾಯತಿಯವರ ಸೂಚನೆಯ ಮೇರೆಗೆ ಸಹಿ ಮಾಡಿರುತ್ತೇನೆ’ ಎಂದು ಬರೆದು, ಇಷ್ಟು ಸಾಕು ಎಂಬಂತೆ ಅವಳ ಮುಖ ನೋಡಿದ. ಆಕೆ ಅಂಗಿ ಉಜ್ಜುವುದನ್ನು ನಿಲ್ಲಿಸಿ, ಪಂಚಾಯ್ತಿಯವರು ಅಂದ್ರೆ ಶಿವನಂಜಮ್ಮನೂ ಆಯ್ತಾರೆ, ನೀರು ಬುಡೋನೂ ಆಯ್ತಾನೆ, ಬಂದೋರ ಹೆಸರು ಬರೀರಿ ಸಾರ್ ಎಂದಳು. ಆಮೇಲೆ ಸಾವಕಾಶವಾಗಿ, ಅವನು ಅಂದು ಹೇಳಿದ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು, ಕಟ್ಟಡ ವಶಕ್ಕೆ ಬಂದಿದೆ ಅಂತಾದರೆ ಸ್ಲ್ಯಾಬಿಗೆ ದುಡ್ಡು ಕೇಳೋದು ಸಲೀಸು ಎಂದದ್ದನ್ನು. ಅದನ್ನೂ ಹಾಕಿ ಎಂದಳು. ಪ್ರಭುಸ್ವಾಮಿ ಪೆನ್ನನ್ನು ಹಾಳೆಯಿಂದ ಎತ್ತಿದ. ಏಳಬಹುದಿತ್ತು. ಹಾಳೆ ಹರಿದುಹಾಕಬಹುದಿತ್ತು. ಟೀಚರ್, ಇದರಿಂದ ನನಗೇನಾಗುತ್ತೆ ಗೊತ್ತಾ ಎಂದು ಕೇಳಿದ, ಕೇಳಿದ ದನಿ ಅವನಿಗೇ ಹೇಸಿಗೆಯಾಯಿತು.

“ಗೊತ್ತು ಸಾರ್. ನಂಗೆ ಏನಾಯ್ತದೆ ಅಂತ ನಿಮಗೂ ಗೊತ್ತಿತ್ತು” ಎಂದಳು ಸರ್ವಮಂಗಳ. “ಬರೀರಿ.”

ಅವನು ಬರೆದ. ಡೈರಿಯ ಮುಂದೆ ಸಂಜೆಯ ಕ್ಯಾನುಗಳನ್ನು ಇಳಿಸುವ ಸದ್ದು ಶುರುವಾಗಿತ್ತು. ಸದನಗಳಿಗೆ, ಸಮಿತಿಗಳಿಗೆ, ಸಾಹೇಬರುಗಳಿಗೆ ಸಾವಿರ ಉತ್ತರ ಬರೆದವನು, ಯಾರ ಹೆಸರೂ ಬರದ ಹಾಗೆ ಬರೆಯುವುದನ್ನೇ ವಿದ್ಯೆ ಎಂದುಕೊಂಡಿದ್ದವನು, ಕೊನೆಗೂ ಒಂದು ಹೆಸರು ಬರೆಯಬೇಕಾಗಿ ಬಂದಾಗ ಪೆನ್ನು ಊರಿ, ಒತ್ತಿ, ಪ್ರಭುಸ್ವಾಮಿ ಎಂದು ಬರೆದು, ಮುಂದಿನ ಸಾಲಿಗೆ ಹೋಗಲು ಅವಸರಪಟ್ಟ.

“ಇನ್‌ಷಿಯಲ್ಲೂ ಹಾಕ್ಬುಡಿ ಸಾರ್” ಎಂದಳು ಆಕೆ. “ಈ ಕಡೆ ಪ್ರಭುಸ್ವಾಮಿ ಅನ್ನೋರು ಬಾಳ ಜನ ಅವ್ರೆ. ಪಾಪ, ಇನ್ಯಾರ್ದೋ ತಲೆ ಮೇಲೆ ಬರಬಾರ್ದು.”

ಅವನು ಹಾಕಿದ.